ಮೈಕ್ ಕಾಕಾ

ನಾಸಿಕ್ ರೋಡಿನಲ್ಲಿ ಕನ್ನಡ ಅಚ್ಚಾಗುತ್ತದೆ ಎಂದರೆ ಬೆಂಗಳೂರಿನವರು ಹುಬ್ಬೇರಿಸುತ್ತಾರೆ. ಇಲ್ಲಿಯ ಕರೆನ್ಸಿ ನೋಟ್ ಪ್ರೆಸ್ ಶುರುವಾದದ್ದು 1928ರಲ್ಲಿ. ಇಂದು ಅಲ್ಲಿಂದ ಹೊರಬೀಳುವ ನೋಟಿನ ಭಾಷಾಪಟ್ಟಿಯಲ್ಲಿ ಮೇಲಿನಿಂದ ನಾಲ್ಕನೆಯ ಸಾಲು ನಮ್ಮದು. ಕೋಟ್ಯಂತರ ಪ್ರತಿಗಳಲ್ಲಿ ಒಂದು ಒತ್ತಕ್ಷರವೂ ಅಳಿಸದೆ ಕನ್ನಡ ಹೊರಬರುವ ಈ ಊರಿನಲ್ಲೇ, ನವೆಂಬರಿನ ಒಂದು ಭಾನುವಾರ ಸಂಜೆ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ, ಬಾಡಿಗೆ ಹಾಲಿನ ವೇದಿಕೆಯಿಂದ ಹೊರಟ ಕನ್ನಡ ಮಾತ್ರ "ಮಾನ್ಯ ಅಧ್ಯ... ರೇ, ಬಂಧು... ನಿಯರೇ" ಎಂದು ಮಧ್ಯೆ ಮಧ್ಯೆ ಉದುರಿಹೋಗುತ್ತದೆ. ಆಗ ಮೂರನೆಯ ಸಾಲಿನ ಅಂಚಿನ ಕುರ್ಚಿಯಿಂದ ಒಬ್ಬರು ಏಳುತ್ತಾರೆ. ಅಂಗಿಯ ಜೇಬಿನಲ್ಲಿ ಟೆಸ್ಟರ್, ಮುಂಗೈಯಲ್ಲಿ ಕಪ್ಪು ಇನ್ಸುಲೇಷನ್ ಟೇಪಿನ ಸುರುಳಿ, ಮುಖದಲ್ಲಿ ಇದು ಹೀಗೇ ಆಗುತ್ತದೆಂದು ಮೊದಲೇ ಗೊತ್ತಿದ್ದವರ ಸಮಾಧಾನ. ಅಂಚಿನ ಕುರ್ಚಿಯನ್ನೇ ಆರಿಸಿಕೊಂಡದ್ದು ಏಳಲು ಅನುಕೂಲವಾಗಲೆಂದು. ಇವರೇ ಮೈಕ್ ಕಾಕಾ. ಪ್ರೆಸ್ಸಿನಿಂದ ನಿವೃತ್ತರಾದವರೋ, ರೈಲ್ವೆಯವರೋ, ಸಾತಪುರ, ಅಂಬಡದ ಕಾರ್ಖಾನೆಯವರೋ ಆಗಿರಬಹುದು. ಪದಾಧಿಕಾರಿಗಳ ಪಟ್ಟಿಯಲ್ಲಿ ಅವರ ಹೆಸರಿರುವುದಿಲ್ಲ. ಅಧ್ಯಕ್ಷರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ಕಾಕಾ ಬದಲಾಗುವುದಿಲ್ಲ.

ಕನ್ನಡಿಗರು ನಾಲ್ಕು ಜನ ಸೇರುವ ಯಾವ ಊರಲ್ಲೂ ಈ ಹುದ್ದೆ ಖಾಲಿ ಇರುವುದಿಲ್ಲ. ಇದನ್ನು ಕೇವಲ ಅತ್ಯುತ್ಸಾಹ ಎಂದು ನಕ್ಕು ಬಿಡುವವರಿದ್ದಾರೆ. ನನ್ನ ವಾದ ಬೇರೆ. ಕಾಕಾನನ್ನು ಸೃಷ್ಟಿಸಿದ್ದು ತಂತಿಯಿಲ್ಲದ ಮೈಕು. ತಂತಿ ಇದ್ದಾಗ ದೋಷ ಕಣ್ಣಿಗೆ ಬೀಳುತ್ತಿತ್ತು. ಯಾರದೋ ಕಾಲು ವೈರಿನ ಮೇಲಿದೆ, ಜ್ಯಾಕ್ ಅರ್ಧ ಹೊರಬಂದಿದೆ, ಇಲಿ ಕಡಿದಿದೆ ಎಂದು ಆರನೇ ಕ್ಲಾಸಿನ ಹುಡುಗನೂ ಹೇಳುತ್ತಿದ್ದ. ಅಮೆರಿಕದ ಶೂರ್ ಕಂಪನಿ 1953ರಲ್ಲಿ ವ್ಯಾಗಬಾಂಡ್ ಎಂಬ ತಂತಿರಹಿತ ಮೈಕನ್ನು ಮಾರುಕಟ್ಟೆಗೆ ತಂದಾಗ ಹೋದದ್ದು ಬರೀ ವೈರಲ್ಲ, ಅದರ ಜೊತೆಗೆ ದೋಷದ ವಿಳಾಸವೂ ಹೋಯಿತು. ಆ ವಸ್ತು ಅಗ್ಗವಾಗಿ ನಮ್ಮ ಸಂಘಗಳ ಕಪಾಟಿಗೆ ಬರಲು ಎಷ್ಟೋ ದಶಕ ಹಿಡಿಯಿತು, ಆದರೆ ಬಂದ ಮೇಲೆ ತೊಂದರೆ ಎಲ್ಲಿದೆ ಎಂದು ಸಭೆಗೆ ತಿಳಿಯುವ ದಾರಿ ಮುಚ್ಚಿತು. ಕಣ್ಣಿಗೆ ಕಾಣದ್ದರ ಜೊತೆ ವ್ಯವಹರಿಸಲು ಜನಕ್ಕೆ ಒಬ್ಬ ಪುರೋಹಿತ ಬೇಕು. ಕಾಕಾ ಆ ಪೀಠದಲ್ಲಿ ಕೂತರು.

ಪುರೋಹಿತ ಎಂದದ್ದು ಕುಚೋದ್ಯಕ್ಕಲ್ಲ. ಅವರ ಚಿಕಿತ್ಸಾಕ್ರಮವನ್ನೇ ನೋಡಿ. ಮೊದಲು ಮೈಕಿನ ಜಾಲರಿಯ ಮೇಲೆ ಬೆರಳಿಂದ ಮೂರು ಪೆಟ್ಟು. ನಂತರ ಎರಡು ಸಲ ಉಫ್. ಅದರಿಂದ ಒಳಗಿನ ತೆಳು ಪೊರೆಗೆ ತೇವ ತಗಲುತ್ತದೆಯೇ ಹೊರತು ಮತ್ತೇನೂ ಆಗುವುದಿಲ್ಲ. ಆಮೇಲೆ "ಹಲೋ, ಹಲೋ, ವನ್ ಟೂ ಥ್ರೀ". ಹಲೋದಲ್ಲಿ ಇರುವುದು ಬಹುಪಾಲು ಸ್ವರ. ಮಾತು ಅರ್ಥವಾಗುವುದು ಸ, ಶ, ತ, ಕ ಮುಂತಾದ ವ್ಯಂಜನಗಳಿಂದ. "ಸಂಘಸಂಸ್ಥೆಗಳ ಸಹಕಾರ" ಎಂದು ಒಮ್ಮೆ ಹೇಳಿ ನೋಡಿದ್ದರೆ ಹಿಂದಿನ ಸಾಲಿಗೆ ಏನು ಮುಟ್ಟುತ್ತದೆಂದು ತಿಳಿಯುತ್ತಿತ್ತು. ಹಲೋದಿಂದ ತಿಳಿಯುವುದು ಮೈಕಿಗೆ ಜೀವವಿದೆ ಎಂಬುದಷ್ಟೇ. ಕೊನೆಗೆ ಕಾಕಾ ಹಿಂದಿನ ಸಾಲಿನವರನ್ನು "ಕೇಳಿಸ್ತದಾ?" ಎಂದು ಕೇಳುತ್ತಾರೆ, ಬಾಗಿಲ ಬಳಿ ನಿಂತ ಹಾಲಿನ ಕಾವಲುಗಾರನನ್ನು ಮರಾಠಿಯಲ್ಲಿ "ಆವಾಜ್ ಯೇತೋಯ್ ಕಾ?" ಎಂದು. ಕೇಳಿಸಿದವರು ಹೂಂ ಅನ್ನುತ್ತಾರೆ. ಕೇಳಿಸದವರಿಗೆ ಪ್ರಶ್ನೆಯೇ ಮುಟ್ಟಿರುವುದಿಲ್ಲವಾದ್ದರಿಂದ ನಿರ್ಣಯ ಯಾವಾಗಲೂ ಸರ್ವಾನುಮತದ್ದು.

ಇಷ್ಟರಲ್ಲೂ ಕಾಕಾ ನೋಡದ ಒಂದು ವಸ್ತುವಿದೆ, ಅದು ಮೈಕಿನ ಅಲೆಯನ್ನು ಹಿಡಿಯುವ ರಿಸೀವರ್. ಅನೇಕ ರಿಸೀವರುಗಳ ಮುಖದ ಮೇಲೆ ಆರ್‌ಎಫ್, ಎಎಫ್ ಎಂದು ಬರೆದ ಎರಡು ದೀಪಗಳಿರುತ್ತವೆ, ಮುಕ್ಕಾಲು ಪಾಲು ರೋಗನಿದಾನ ಅಲ್ಲೇ ಮುಗಿಯುತ್ತದೆ. ಆರ್‌ಎಫ್ ದೀಪ ಉರಿಯದಿದ್ದರೆ ಮೈಕಿನ ಅಲೆ ಬರುತ್ತಿಲ್ಲ: ಸೆಲ್ ಸತ್ತಿದೆ, ಇಲ್ಲವೇ ಮೈಕು, ರಿಸೀವರುಗಳ ಚಾನೆಲ್ ಬೇರೆಯಾಗಿದೆ. ಆರ್‌ಎಫ್ ಇದ್ದು ಎಎಫ್ ಇಲ್ಲದಿದ್ದರೆ ಅಲೆ ಬರುತ್ತಿದೆ, ದನಿ ಬರುತ್ತಿಲ್ಲ: ಮೈಕಿನ ಮೇಲಿನ ಮ್ಯೂಟ್ ಗುಂಡಿ ನೋಡಬೇಕು. ಎರಡೂ ಉರಿದೂ ಹಾಲು ಮೌನವಾಗಿದ್ದರೆ ತಪ್ಪು ಬಹುಮಟ್ಟಿಗೆ ರಿಸೀವರಿನಿಂದ ಆಂಪ್ಲಿಫೈಯರಿಗೆ ಹೋಗುವ ಒಂದು ಗೇಣು ವೈರಿನದು. ಆದರೆ ರಿಸೀವರ್ ಇರುವುದು ಪರದೆಯ ಹಿಂದೆ, ಕಬ್ಬಿಣದ ಕಪಾಟಿನೊಳಗೆ, ಆಂಪ್ಲಿಫೈಯರಿನ ಬೆನ್ನಿಗೆ ಅಂಟಿಕೊಂಡು. ಕಳ್ಳತನವಾಗಬಾರದೆಂದು ಅಲ್ಲಿಟ್ಟವರೂ ಕಾಕಾನೇ. ಆ ಕಪಾಟಿನಲ್ಲಿ ಕಳ್ಳನಿಗೆ ಸಿಕ್ಕದಷ್ಟೇ ಭದ್ರವಾಗಿ ಅದು ಅಲೆಗೂ ಸಿಕ್ಕುವುದಿಲ್ಲ. ಅಲೆ ಲೋಹವನ್ನು ದಾಟಲಾರದು, ನೀರು ತುಂಬಿದ ಮನುಷ್ಯದೇಹವನ್ನು ದಾಟುವಾಗ ಸೊರಗುತ್ತದೆ. ಮಧ್ಯಾಹ್ನ ನಾಲ್ಕಕ್ಕೆ ಖಾಲಿ ಹಾಲಿನಲ್ಲಿ ಸರಿಯಾಗಿದ್ದ ಮೈಕು ಆರೂವರೆಗೆ ಸಭೆ ತುಂಬಿದಾಗ ಕೈಕೊಡುವುದಕ್ಕೆ ಕಾರಣ ಸಭೆಯೇ. ಕಡಿಮೆ ಜನ ಬಂದ ಕಾರ್ಯಕ್ರಮಗಳಲ್ಲಿ ಮೈಕ್ ಚೆನ್ನಾಗಿತ್ತು ಎಂದು ವಾರ್ಷಿಕ ವರದಿ ಬರೆಯುವವರು ಗಮನಿಸಿರಬೇಕು.

ಕಾಕಾನ ಪ್ರಕಾರ ಕಾರಣಗಳೆಲ್ಲ ಹಾಲಿನ ಹೊರಗಿವೆ. ನಾಸಿಕ್ ರೋಡ್ ಈ ವಿಷಯದಲ್ಲಿ ಶ್ರೀಮಂತ ಊರು. ಒಂದು ಕಡೆ ನೋಟಿನ ಪ್ರೆಸ್, ಇನ್ನೊಂದು ಕಡೆ ಸೆಂಟ್ರಲ್ ಜೈಲು, ಅತ್ತ ದೇವಳಾಲಿಯ ತೋಪುಖಾನೆಯ ಶಾಲೆ, ಮಧ್ಯೆ ರೈಲ್ವೆ ಸ್ಟೇಷನ್. "ಜೈಲಿನವರು ಜಾಮರ್ ಹಾಕ್ಯಾರ", "ಮಿಲಿಟರಿ ಸಿಗ್ನಲ್ ಅಡ್ಡ ಬರ್ತದ" ಎಂದು ಪಿಸುದನಿಯಲ್ಲಿ ಹೇಳಿದರೆ ಎದುರಿಗಿದ್ದವರು ತಲೆಯಾಡಿಸುತ್ತಾರೆ, ದೇಶದ ಭದ್ರತೆಯ ವಿಷಯದಲ್ಲಿ ವಾದ ಮಾಡುವವರು ಯಾರು? ಆದರೆ ಅದೇ ಹಾಲಿನಲ್ಲಿ ಹಿಂದಿನ ದಿನ ನಡೆದ ಮದುವೆಯಲ್ಲಿ ಮರಾಠಿ ಸೌಂಡಿನವನ ಕಾರ್ಡ್‌ಲೆಸ್ ಮೈಕು ಮಂಗಲಾಷ್ಟಕವನ್ನು ಒಂದಕ್ಷರ ಬಿಡದೆ ಕೇಳಿಸಿತ್ತು. ಜೈಲು ಆ ದಿನವೂ ಅಲ್ಲೇ ಇತ್ತು. ಹೊರಗಿನ ಕಾರಣ ಇರುವುದೇ ಇಲ್ಲವೆಂದಲ್ಲ. 2022ರ ಹರಾಜಿನಲ್ಲಿ 700 ಮೆಗಾಹರ್ಟ್ಸ್ ಪಟ್ಟಿ 5ಜಿಗಾಗಿ ಮಾರಾಟವಾಯಿತು. ಆ ಪಟ್ಟಿಯಲ್ಲಿ ಮಾತಾಡುವ ಹಳೆಯ ಸೆಟ್ಟು ಯಾವ ಸಂಘದಲ್ಲಾದರೂ ಉಳಿದಿದ್ದರೆ ಅದಕ್ಕೆ ನಿಜವಾಗಿಯೂ ಜಾಗವಿಲ್ಲ. ಸೋಜಿಗವೆಂದರೆ ಕಾಕಾ ಈ ಒಂದನ್ನು ಮಾತ್ರ ಎಂದೂ ದೂರುವುದಿಲ್ಲ, ಯಾಕೆಂದರೆ ಆ ಸೆಟ್ಟನ್ನು ಮುಂಬೈಯ ಲ್ಯಾಮಿಂಗ್ಟನ್ ರೋಡಿನಿಂದ ಚೌಕಾಶಿ ಮಾಡಿ ತಂದವರು ಅವರೇ.

ಮೂರು ಮೈಕು ಬೇಕಾದ ದಿನ ಅವರ ಅಚ್ಚುಕಟ್ಟೇ ಅವರಿಗೆ ಮುಳುವಾಗುತ್ತದೆ. ನಾಡಗೀತೆಗೆ ಹೆಂಗಸರ ತಂಡ ನಿಂತಾಗ ಕಾಕಾ ಮೂರನ್ನೂ 600, 601, 602 ಮೆಗಾಹರ್ಟ್ಸ್ ಎಂದು ಸಮಾನ ಅಂತರದಲ್ಲಿ ಕೂರಿಸುತ್ತಾರೆ. ಎರಡು ಅಲೆಗಳು ಹತ್ತಿರ ಹತ್ತಿರ ಇದ್ದಾಗ ಉಪಕರಣದೊಳಗೆ ಬೆರೆತು ಮೂರನೆಯದೊಂದನ್ನು ಹುಟ್ಟಿಸುತ್ತವೆ: 601ರ ಎರಡರಷ್ಟರಿಂದ 600 ಕಳೆಯಿರಿ, 602. ಅಂದರೆ ಮೂರನೆಯ ಗಾಯಕಿಯ ಜಾಗದಲ್ಲಿ ಮೊದಲ ಇಬ್ಬರ ಪ್ರೇತ ಬಂದು ಕೂತಿರುತ್ತದೆ. ಅಂತರಗಳನ್ನು ಅಡ್ಡಾದಿಡ್ಡಿ ಇಟ್ಟರೆ ತೊಂದರೆ ಕಡಿಮೆ. ಆದರೆ ನಲವತ್ತು ವರ್ಷ ಹಾಜರಿ ಪುಸ್ತಕದಲ್ಲಿ ಗೆರೆ ನೇರವಾಗಿ ಎಳೆದ ಕೈಗೆ ಅಡ್ಡಾದಿಡ್ಡಿ ಎಂದರೆ ಆಗುವುದಿಲ್ಲ. ಕಾಲರ್ ಮೈಕಿನ ಕಥೆಯಲ್ಲಿ ಕಾಕಾ ನಿರಪರಾಧಿ. ಮುಖ್ಯ ಅತಿಥಿಯ ಎದೆಗೆ ಅದನ್ನು ಸರಿಯಾದ ಜಾಗದಲ್ಲೇ ಸಿಕ್ಕಿಸಿರುತ್ತಾರೆ. ಆಮೇಲೆ ಅಧ್ಯಕ್ಷರು ಬಂದು ಅದರ ಮೇಲೆ ಶಾಲು ಹೊದಿಸುತ್ತಾರೆ, ಗಂಧದ ಹಾರ ಹಾಕುತ್ತಾರೆ, ಮೈಸೂರು ಪೇಟ ತೊಡಿಸುತ್ತಾರೆ. ಅಲ್ಲಿಂದ ಮುಂದೆ ಸಭೆ ಕೇಳುವುದು ಅತಿಥಿಯನ್ನಲ್ಲ, ಹಾರವನ್ನು.

ಪಾಪ, ಬಿಟ್ಟಿ ಸೇವೆ ಮಾಡುವವರನ್ನು ಗೇಲಿ ಮಾಡುವುದೇ ಎಂದು ಯಾರಾದರೂ ಕೇಳಿಯಾರು. ಆಕ್ಷೇಪಣೆಯಲ್ಲಿ ಹುರುಳಿದೆ. ದುಡ್ಡು ಕೊಟ್ಟು ಸೌಂಡಿನವನನ್ನು ಕರೆಸಿದರೆ ಮುಗಿಯಿತಲ್ಲ ಎನ್ನುವವರು ಸಂಘದ ಖಾತೆ ನೋಡಿಲ್ಲ; ಚಂದಾ ಬಾಕಿ ಉಳಿಸಿಕೊಂಡವರೇ ಮೈಕಿನ ಬಗ್ಗೆ ಹೆಚ್ಚು ದೂರುವವರು. ಹೊಸ ಡಿಜಿಟಲ್ ಸೆಟ್ಟು ಖಾಲಿ ಚಾನೆಲನ್ನು ತಾನೇ ಹುಡುಕಿಕೊಳ್ಳುತ್ತದೆ, ಕಾಕಾನ ಕಾಲ ಮುಗಿಯಿತು ಎನ್ನುವವರೂ ಇದ್ದಾರೆ. ಅದು ಹುಡುಕುವುದು ನಾಲ್ಕು ಗಂಟೆಯ ಖಾಲಿ ಹಾಲಿನಲ್ಲಿ. ಅಗ್ಗದ ಡಿಜಿಟಲ್ ಮೈಕುಗಳಲ್ಲಿ ಅನೇಕವು 2.4 ಗಿಗಾಹರ್ಟ್ಸಿನಲ್ಲಿ ಕೆಲಸ ಮಾಡುತ್ತವೆ, ವೈಫೈ ಮತ್ತು ಬ್ಲೂಟೂತ್ ಕೂಡ ಅಲ್ಲೇ ಸಂಸಾರ ಹೂಡಿವೆ. ಸಭಿಕರು ಫೋನುಗಳೊಡನೆ ಬಂದು ಕೂತ ಮೇಲೆ ಆ ಖಾಲಿ ಜಾಗ ಖಾಲಿಯಾಗಿ ಉಳಿಯುವುದಿಲ್ಲ. ಸತ್ತ ಸೆಲ್ಲನ್ನು ಯಾವ ಡಿಜಿಟಲ್ಲೂ ಬದುಕಿಸುವುದಿಲ್ಲ. ಸೆಲ್ಲಿನ ಅರ್ಥಶಾಸ್ತ್ರವಂತೂ ಕಾಕಾನ ಸ್ವಂತದ್ದು: ಕಳೆದ ರಾಜ್ಯೋತ್ಸವದ್ದನ್ನು ಪೇಪರಿನಲ್ಲಿ ಸುತ್ತಿ ಇಟ್ಟಿರುತ್ತಾರೆ, ಚೌಕದ ಒಂಬತ್ತು ವೋಲ್ಟಿನದಾದರೆ ನಾಲಿಗೆಗೆ ತಗಲಿಸಿ "ಚುರ್ ಅಂತದ, ನಡೀತದ" ಎನ್ನುತ್ತಾರೆ. ನಾಲಿಗೆಯನ್ನು ಚುರುಗುಟ್ಟಿಸಲು ಬೇಕಾದ ಕರೆಂಟು ಬಹಳ ಕಡಿಮೆ. ಮೈಕನ್ನು ಒಂದು ಸ್ವಾಗತ ಭಾಷಣದಷ್ಟು ಹೊತ್ತು ನಡೆಸಲು ಅದು ಸಾಲದು.

ಆದರೂ ಕಾಕಾನನ್ನು ಕೆಳಗಿಳಿಸುವ ಪರ ನಾನಿಲ್ಲ. ಅವರ ತಪ್ಪು ಅಜ್ಞಾನದ್ದಲ್ಲ, ಸಭೆಯ ಮುಂದೆ ಏನಾದರೂ ಮಾಡುತ್ತಿರುವಂತೆ ಕಾಣಲೇಬೇಕಾದ ಒತ್ತಡದ್ದು. ರಿಸೀವರನ್ನು ಕಪಾಟಿನಿಂದ ತೆಗೆದು ವೇದಿಕೆಯ ಪಕ್ಕದ ಮೇಜಿನ ಮೇಲೆ, ಮೈಕಿಗೆ ಕಾಣುವಂತೆ ಇಡುವುದು ಅರ್ಧ ನಿಮಿಷದ ಕೆಲಸ. ಅದನ್ನು ನಾಲ್ಕು ಗಂಟೆಗೇ ಮಾಡಿ ಮುಗಿಸಿದರೆ ಆರೂವರೆಗೆ ಏಳಬೇಕಾಗಿಲ್ಲ, ಏಳದಿದ್ದರೆ ಅವರು ಇದ್ದಾರೆಂದು ಯಾರಿಗೆ ಗೊತ್ತಾಗಬೇಕು? ಚೆನ್ನಾಗಿ ನಡೆದ ಮೈಕಿಗೆ ವಂದನಾರ್ಪಣೆಯಲ್ಲಿ ಸ್ಥಾನವಿಲ್ಲ. ಕೆಟ್ಟು ಸರಿಹೋದ ಮೈಕಿಗೆ ಚಪ್ಪಾಳೆಯಿದೆ. ಈ ಲೆಕ್ಕವನ್ನು ಕಲಿಸಿದವರು ಕುರ್ಚಿಯಲ್ಲಿ ಕೂತ ನಾವು.

ಆದ್ದರಿಂದ ಈ ನವೆಂಬರಿಗೆ ಒಂದು ಕೋರಿಕೆ. ಖಜಾಂಚಿಯವರು ಹೊಸ ಆಲ್ಕಲೈನ್ ಸೆಲ್ಲುಗಳ ಖರ್ಚನ್ನು ಚರ್ಚೆಯಿಲ್ಲದೆ ಮಂಜೂರು ಮಾಡಲಿ. ಭಾಷಣಕಾರರು ಮೈಕನ್ನು ನಡುವಿನಲ್ಲಿ ಹಿಡಿಯಲಿ. ಜಾಲರಿಯನ್ನು ಮುಷ್ಟಿಯಲ್ಲಿ ಮುಚ್ಚಿದರೆ ಕೂಯ್ ಎನ್ನುತ್ತದೆ, ಬುಡವನ್ನು ಮುಚ್ಚಿದರೆ ಅಲ್ಲಿರುವ ಆಂಟೆನಾ ಉಸಿರುಗಟ್ಟುತ್ತದೆ. ಕಾರ್ಯಕ್ರಮ ಶುರುವಾಗುವ ಮೊದಲೇ, ಮೈಕ್ ಕೆಡುವ ಮೊದಲೇ, ಕಾಕಾನನ್ನು ವೇದಿಕೆಗೆ ಕರೆದು ಹೆಸರು ಹಿಡಿದು ಕೃತಜ್ಞತೆ ಹೇಳಿ ಒಂದು ಶಾಲು ಹೊದಿಸಿ. ಹೊದಿಸುವಾಗ ಕಾಲರ್ ಮೈಕು ಮಾತ್ರ ತೆಗೆದಿಡಿ.