ದೆವ್ವಗಳ ಪಾಳಿ

ಜೈಸಲ್ಮೇರ್‌ನಿಂದ ಸುಮಾರು 18 ಕಿ.ಮೀ. ದೂರದ ಕುಲ್ಧರಾದಲ್ಲಿ ಬೀದಿಗಳಿವೆ, ಸೂರಿಲ್ಲದ ಮನೆಗಳಿವೆ, ದೇಗುಲವೂ ಇದೆ. ಇಲ್ಲದವರು ಊರವರು ಮಾತ್ರ. ಹಿಂದೆ ಜೈಸಲ್ಮೇರ್‌ನ ದಿವಾನ ಸಾಲಿಂ ಸಿಂಗ್ ಊರ ಮುಖಂಡನ ಮಗಳ ಮೇಲೆ ಕಣ್ಣು ಹಾಕಿದನಂತೆ. 84 ಹಳ್ಳಿಗಳ ಪಾಲಿವಾಲ ಬ್ರಾಹ್ಮಣರು ಶಾಪ ಕೊಟ್ಟು ರಾತ್ರೋರಾತ್ರಿ ಗಂಟುಮೂಟೆ ಕಟ್ಟಿದರಂತೆ. ನಮ್ಮಲ್ಲಿ ಒಂದು ಮದುವೆ ದಿಬ್ಬಣ ಹೊರಡಿಸುವುದಕ್ಕೇ ಅರ್ಧ ದಿನ ಬೇಕು! ನೀರು ಬತ್ತಿತು, ಕಂದಾಯ ಏರಿತು, ಜನ ಮೆಲ್ಲಗೆ ಜಾಗ ಬಿಟ್ಟರು ಎನ್ನುವ ಇತಿಹಾಸಕಾರರೂ ಇದ್ದಾರೆ. ಆದರೆ ಕಂದಾಯದ ಕಥೆಗೆ ಯಾರು ಟಿಕೆಟ್ ಕೊಳ್ಳುತ್ತಾರೆ? ರಾತ್ರಿ ಇಲ್ಲಿ ದೆವ್ವಗಳು ಓಡಾಡುತ್ತವಂತೆ, ಆದರೆ ಕತ್ತಲಾಗುವ ಮೊದಲೇ ಗೇಟು ಬಂದ್. ದೆವ್ವಗಳ ಪಾಳಿ ಶುರುವಾಗುವ ಹೊತ್ತಿಗೆ ಸಾಕ್ಷಿಗಳೆಲ್ಲ ಹೋಟೆಲಿನಲ್ಲಿ ದಾಲ್ ಬಾಟಿ ಮುಂದೆ ಕೂತಿರುತ್ತಾರೆ.

ಹತ್ತಿರದ ಖಾಬಾ ಕೋಟೆ ಹತ್ತಿದರೆ ಕೆಳಗೆ ಇನ್ನೊಂದು ಪಾಳು ಹಳ್ಳಿ, ಆಚೀಚೆ ನವಿಲುಗಳು. ನನಗೆ ಇದೇ ಹೆಚ್ಚು ಹಿಡಿಸಿತು. ಹೋಗುವವರು ಬೆಳಿಗ್ಗೆಯೇ ಹೋಗಿ, ಟೊಪ್ಪಿ ಮರೆಯಬೇಡಿ. ಅಲ್ಲಿ ಶಾಪಕ್ಕಿಂತ ಬಿಸಿಲು ಬೇಗ ತಟ್ಟುತ್ತದೆ.