ಪಂಪಿನ ಶಸ್ತ್ರಚಿಕಿತ್ಸೆ

ಮೋರ್ಬೆ ಜಲಾಶಯದ ನೀರು ಸೀವುಡ್ಸಿನ ನಮ್ಮ ವಸತಿಸಂಕೀರ್ಣದ ನೆಲತೊಟ್ಟಿಗೆ ಕೊಳವೆಯಲ್ಲಿ ಬಂದು ಬೀಳುವುದಾದರೂ, ಅಲ್ಲಿಂದ ಮಾಳಿಗೆಯ ತೊಟ್ಟಿಗೇರಲು ಕೇಂದ್ರಾಪಗಾಮಿ ಪಂಪೆಂಬ ಮಹಾನುಭಾವನ ಕೃಪೆ ಬೇಕು. ಆತನು ಕಂಠದಲ್ಲಿ ಸೋರತೊಡಗಿದ ಭಾನುವಾರ, ಮೆಕ್ಯಾನಿಕನು ಫ್ಯೂಸು ಕಿತ್ತು ಜೇಬಿಗಿಳಿಸಿ, ಕವಾಟಗಳನ್ನು ಮುಚ್ಚಿ, ಕೇಸಿಂಗಿನ ನೀರನ್ನು ಬಸಿದು ಬೋಲ್ಟು ಬಿಚ್ಚುತ್ತಿರಲು, ನೆರೆದ ಸಮಿತಿಯ ಸದಸ್ಯರು (ಸ್ಪ್ಯಾನರು ಹಿಡಿದವರು ಇವರಲ್ಲಿ ಒಬ್ಬರೂ ಇಲ್ಲ) ನಾಲ್ಕು ಭಾಷೆಗಳಲ್ಲಿ ಉಪದೇಶಾಮೃತವನ್ನು ಸುರಿಸಿದರು.

ಪಂಪಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರಿನ ನಟ್ಟು ಮಾತ್ರ ಜಗ್ಗದು. “ಇನ್ನೂ ಜೋರಾಗಿ ತಿರುಗಿಸು!” ಎಂದು ಕುಳಿತಲ್ಲೇ ಬೆವರಿದವರು ಧಾರವಾಡ ಕಡೆಯ ನಮ್ಮ ಅಧ್ಯಕ್ಷರು. ಅದು ಎಡತಿರುಪೆಂದೂ, ಓಡುವಾಗ ಸಡಿಲವಾಗದಿರಲೆಂದೇ ಹಾಗೆ ಕಡೆದಿರುವರೆಂದೂ ಅರುಹಿ, ಮೆಕ್ಯಾನಿಕನು ವಿರುದ್ಧದಿಕ್ಕಿಗೆ ತಿರುಗಿಸಲು ನಟ್ಟು ವಿಧೇಯವಾಗಿ ಕಳಚಿತು. ಸೋರಿಕೆ ತಡೆಯಲು ತಂದ ಹೊಸ ಸೀಲಿನ ನುಣುಪುಮುಖವನ್ನು ಬೆರಳಿನಿಂದ ಮುಟ್ಟಬಾರದೆಂದು ಆತ ಹೇಳುವಷ್ಟರಲ್ಲಿ, ಅಧ್ಯಕ್ಷರು ಅದನ್ನು ಹೆಬ್ಬೆರಳಿನಿಂದ ಚೆನ್ನಾಗಿ ಉಜ್ಜಿ, “ಪರವಾಯಿಲ್ಲ, ಒಳ್ಳೆಯ ಮಾಲು” ಎಂದು ಪ್ರಮಾಣಪತ್ರವನ್ನಿತ್ತಿದ್ದರು.