ಕಣ್ಣಳತೆಯ ಮೀಟರು

ಹೆಸರು ಕೊಟ್ರೇಶಿ ಅಂತಿಟ್ಟುಕೊಳ್ಳಿ. ಹೊಸಪೇಟೆಯ ಯಾವ ಆಟೋ ಸ್ಟ್ಯಾಂಡಿನಲ್ಲಿ ನಿಂತು ಈ ಹೆಸರು ಕೂಗಿದರೂ ಮೂರು ಜನ ‘ಓ’ ಅನ್ನುತ್ತಾರೆ; ಆದ್ದರಿಂದ ಇಂಥವನೇ ಅಂತ ಯಾರೂ ಬೊಟ್ಟು ಮಾಡುವಂತಿಲ್ಲ. ಖಾಕಿ ಅಂಗಿಯ ಮೇಲಿನ ಎರಡು ಗುಂಡಿ ಸದಾ ಬಿಚ್ಚಿರುತ್ತವೆ. ಆಟೋದ ಬೆನ್ನ ಮೇಲೆ ಪುನೀತ್ ರಾಜ್‌ಕುಮಾರ್ ನಗುತ್ತಿರುತ್ತಾರೆ (ಆ ಚಿತ್ರವಿಲ್ಲದ ಗಾಡಿಗೆ ಕೆಎ 35 ಅನ್ನುವ ನಂಬರ್ ಪ್ಲೇಟೇ ಹತ್ತುವುದಿಲ್ಲವೇನೋ ಎಂದು ನನ್ನ ಗುಮಾನಿ). ಒಳಗೆ ಕನ್ನಡಿಯ ಪಕ್ಕ ಹುಲಿಗೆಮ್ಮ. ಮೀಟರೂ ಇದೆ, ಇಲ್ಲ ಅಂದವರ್ಯಾರು? ದಿನಾ ಬೆಳಿಗ್ಗೆ ಅದಕ್ಕೆ ಊದುಬತ್ತಿ ಬೆಳಗಿ, ಹೂವು ಸಿಗಿಸಿ, ಮಗ್ಗುಲಿಗೆ ಒಂದು ನಿಂಬೆಹಣ್ಣು ಕಟ್ಟುತ್ತಾನೆ. ಪೂಜೆಗೆ ಕೂತದ್ದನ್ನು ದುಡಿಯಲು ಹಚ್ಚುವ ಪದ್ಧತಿ ನಮ್ಮಲ್ಲಿಲ್ಲ.

ಅವನ ಅಸಲಿ ಮೀಟರು ಕಣ್ಣಲ್ಲಿದೆ. ಬೆಳಿಗ್ಗೆ ಹಂಪಿ ಎಕ್ಸ್‌ಪ್ರೆಸ್ ಬಂದು ನಿಂತಾಗ ಜನ ಸ್ಟೇಷನ್ನಿನ ಮೆಟ್ಟಿಲಿಳಿಯುವಷ್ಟರಲ್ಲಿ ಅದು ತಿರುಗಿ ಮುಗಿದಿರುತ್ತದೆ. ಹೊಸಪೇಟೆಯಿಂದ ಹಂಪಿಗೆ ಹದಿಮೂರು ಕಿಲೋಮೀಟರು. ಕೃಷ್ಣದೇವರಾಯನ ಕಾಲದಿಂದ ಆ ಅಂತರ ಹಿಗ್ಗಿಯೂ ಇಲ್ಲ, ಕುಗ್ಗಿಯೂ ಇಲ್ಲ. ಹಾಗಾಗಿ ಅದನ್ನು ಅಳೆಯುವುದರಲ್ಲಿ ಕೊಟ್ರೇಶಿಗೆ ಆಸಕ್ತಿಯಿಲ್ಲ. ಅವನು ಅಳೆಯುವುದು ಮನುಷ್ಯನನ್ನು. ಟ್ರಾಲಿ ಬ್ಯಾಗಿಗೆ ಇನ್ನೂರು. ಕೊರಳಲ್ಲಿ ಕ್ಯಾಮೆರಾ ಇದ್ದರೆ ಇನ್ನೊಂದು ನೂರು. ಹೊಸದಾಗಿ ಮದುವೆಯಾದ ಜೋಡಿಯಾದರೆ ಬಾಯಿಗೆ ಬಂದಷ್ಟು, ಯಾಕೆಂದರೆ ಹೆಂಡತಿಯ ಎದುರು ಐವತ್ತು ರೂಪಾಯಿಗೆ ಚೌಕಾಸಿ ಮಾಡುವ ಗಂಡ ಇನ್ನೂ ಹುಟ್ಟಿಲ್ಲ. ಮದುವೆಯಾಗಿ ಹತ್ತು ವರ್ಷವಾದ ಮೇಲೆ ಹುಟ್ಟುತ್ತಾನೆ. ಕೈಯಲ್ಲಿ ಡೈರಿ ಹಿಡಿದ ರಿಟೈರ್ಡ್ ಮೇಷ್ಟ್ರು ಕಂಡರೆ ಮಾತ್ರ ಕೊಟ್ರೇಶಿ ಸರಕ್ಕನೆ ಬಗ್ಗಿ ಹಿಂದಿನ ಗಾಲಿ ನೋಡುತ್ತಾ, “ಪಂಚರ್ ಆಗೈತ್ರಿ ಸರ” ಅನ್ನುತ್ತಾನೆ.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ದೊಡ್ಡಪ್ಪನ ಮಗಳು ಒಮ್ಮೆ ಹಬ್ಬಕ್ಕೆ ಊರಿಗೆ ಬಂದಳು. ಹುಟ್ಟಿ ಬೆಳೆದದ್ದೆಲ್ಲ ಚಿತ್ತವಾಡ್ಗಿ. ಆದರೆ ಕೈಯಲ್ಲಿ ಟ್ರಾಲಿ ಬ್ಯಾಗು, ಕಣ್ಣಿಗೆ ತಂಪು ಕನ್ನಡಕ.

“ಹಂಪಿ ಮೇಡಂ? ಫುಲ್ ಡೇ? ಓನ್ಲಿ ಟೂ ಥೌಸಂಡ್.”

“ಏ ಅಣ್ಣ, ಚಿತ್ತವಾಡ್ಗಿಗೆ ಹೋಗಾಕ ಎರಡು ಸಾವಿರೇನೋ?”

ಕೊಟ್ರೇಶಿಯ ಮುಖದಲ್ಲಿ ನಾಚಿಕೆಯ ಎಳೆಯೂ ಇಲ್ಲ. ಉಲ್ಟಾ, ಅವಳೇ ಏನೋ ಮುಚ್ಚಿಟ್ಟವಳ ಹಾಗೆ ನೋಡಿದ. “ಅಯ್ಯ ಅಕ್ಕಾರ, ನಮ್ಮೋರಂತ ಮೊದ್ಲ ಹೇಳಾದಲ್ಲೇನ್ರಿ! ಹತ್ರಿ, ನೂರು ಕೊಡ್ರಿ.” ಮನೆ ಮುಂದೆ ಇಳಿದ ಮೇಲೆ ನೂರಿಪ್ಪತ್ತು ತಗೊಂಡ. ಇಪ್ಪತ್ತು ಯಾಕಪ್ಪಾ ಅಂದರೆ, ಬ್ಯಾಗು ಬೆಂಗಳೂರಿಂದಲ್ಲವೇ.

ನೀವು ರೇಟು ಜಾಸ್ತಿಯಾಯಿತು ಅಂದಿರೋ, ಕಾರಣಗಳ ಗೋದಾಮು ತೆರೆಯುತ್ತದೆ. ಪೆಟ್ರೋಲು, ಗ್ಯಾಸು, ಇನ್ಶೂರೆನ್ಸು ಎಲ್ಲ ಹಳೆಯ ಸರಕು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ, “ಹೆಣ್ಮಕ್ಕಳೆಲ್ಲ ಫ್ರೀ ಬಸ್ ಹತ್ತಿದ್ರು. ಅವರ ಪಾಲಿಂದು ಗಂಡಸರು ಕೊಡ್ಲಿಲ್ಲಂದ್ರ ನಾವು ಬದುಕಾದು ಹೆಂಗ್ರಿ?” ಅಂದ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ಕಡಿದು ನೀರು ಹೊಳೆಪಾಲಾಯಿತಲ್ಲ, ಇಡೀ ಊರು ತಲೆ ಮೇಲೆ ಕೈಹೊತ್ತು ಕೂತಿತ್ತು. ಕೊಟ್ರೇಶಿ ಮಾತ್ರ ಮರುದಿನವೇ ಐವತ್ತು ಏರಿಸಿದ್ದ. ಚೈನಿಗೂ ಆಟೋಗೂ ಏನು ಸಂಬಂಧ ಅಂತ ಕೇಳಿದ್ದಕ್ಕೆ, “ನೀರ್ ಹೋದ್ರ ಭತ್ತ ಹೋತು, ಭತ್ತ ಹೋದ್ರ ರೊಕ್ಕ ಹೋತು, ಎಲ್ಲಾ ಚೈನೇ ಅಲ್ಲೇನ್ರಿ ಸರ” ಅಂದ. ಅರ್ಥಶಾಸ್ತ್ರದ ಪ್ರೊಫೆಸರುಗಳು ಇದನ್ನೇ ಹೇಳಲು ಒಂದು ಗಂಟೆ ತಗೊಳ್ಳುತ್ತಾರೆ.

ಅವನ ಬತ್ತಳಿಕೆಯಲ್ಲಿ ನನಗೆ ಉತ್ತರವೇ ಹೊಳೆಯದ ಬಾಣ ಒಂದಿದೆ. ವಿಠ್ಠಲ ಗುಡಿಯ ಟಿಕೆಟ್ಟು ನಮ್ಮವರಿಗೆ 40 ರೂಪಾಯಿ, ವಿದೇಶಿಯರಿಗೆ 600. ಪುರಾತತ್ವ ಇಲಾಖೆಯವರು 2018ರಲ್ಲಿ ಏರಿಸಿ ಬೋರ್ಡು ಹಾಕಿದ್ದು. “ಅದೇ ಕಲ್ಲು, ಅದೇ ಬಾಗ್ಲು. ಒಬ್ಬನಿಗೆ ನಲವತ್ತು, ಒಬ್ಬನಿಗೆ ಆರ್ನೂರು. ಅವರು ಮುಖ ನೋಡಿ ಹದಿನೈದು ಪಟ್ಟು ಹಾಕ್ಯಾರ. ನಾ ಬರೀ ಮೂರು ಪಟ್ಟು ಹಾಕಿದ್ರ ಮೋಸಗಾರನೇನ್ರಿ?” ಅಂದು ಅವನು ಬೀಡಿ ಹಚ್ಚಿದರೆ, ನೀವು ಗುಡ್ಡ ನೋಡುವುದೊಂದೇ ದಾರಿ. ಅವನಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ನನಗೆ ಗೊತ್ತಿದೆ, ಅಪ್ಪಿತಪ್ಪಿಯೂ ಹೇಳಿಲ್ಲ. ಹದಿನಾರನೇ ಶತಮಾನದಲ್ಲಿ ಇಲ್ಲಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್ ಬರೆದಿಟ್ಟಿದ್ದಾನೆ: ರಾಜಧಾನಿಯ ಒಂದು ಬಾಗಿಲಿನ ಸುಂಕ ವರ್ಷಕ್ಕೆ 12,000 ವರಹಕ್ಕೆ ಗುತ್ತಿಗೆ ಹೋಗುತ್ತಿತ್ತಂತೆ, ಗುತ್ತಿಗೆದಾರ ಕೇಳಿದಷ್ಟು ಕೊಡದೆ ನಾಡವರಾಗಲಿ ಪರದೇಶದವರಾಗಲಿ ಒಳಗೆ ಕಾಲಿಡುವಂತಿರಲಿಲ್ಲವಂತೆ. ಇದು ಕೊಟ್ರೇಶಿಯ ಕಿವಿಗೆ ಬಿದ್ದರೆ ಮುಗಿಯಿತು, ಆಟೋದ ಹಿಂದೆ ಪುನೀತ್ ಪಕ್ಕದಲ್ಲಿ ನೂನಿಜನೂ ಬರುತ್ತಾನೆ.

ಹಾಗಂತ ಇತಿಹಾಸ ಅವನಿಗೆ ಬಾರದೆ ಇಲ್ಲ. ಹಂಪಿ ಬಜಾರಿನ ಸಾಲುಮಂಟಪ ಕಂಡ ಕೂಡಲೇ ಗಾಡಿ ನಿಧಾನ ಮಾಡಿ, ಇಲ್ಲಿ ಮುತ್ತು ರತ್ನ ಸೇರಿನಲ್ಲಿ ಅಳೆದು ಮಾರುತ್ತಿದ್ದರು ಅಂತ ಕನ್ನಡ, ತೆಲುಗು, ಹಿಂದಿ, ಇಂಗ್ಲಿಷಿನಲ್ಲಿ ಹೇಳುತ್ತಾನೆ. ವಿರೂಪಾಪುರಗಡ್ಡೆಯ ರೆಸಾರ್ಟುಗಳಿದ್ದ ಕಾಲದಲ್ಲಿ ಇಸ್ರೇಲಿನವರಿಗಾಗಿ ನಾಲ್ಕು ಮಾತು ಹೀಬ್ರೂ ಕೂಡ ಕಲಿತಿದ್ದ. ನಾಲ್ಕೂ ದುಡ್ಡಿಗೆ ಸಂಬಂಧಿಸಿದವು. ಸೇರುಗಟ್ಟಲೆ ಮುತ್ತಿನ ಕಥೆ ಮುಗಿಯುತ್ತಿದ್ದಂತೆ ದನಿ ಇಳಿಸಿ, “ಅಂಥಾ ಜಾಗದಾಗ ನಿಂತು ನೀವು ನೂರು ರೂಪಾಯಿಗೆ ಜಗ್ಗಾಡ್ತೀರಲ್ರಿ ಸರ” ಅನ್ನುತ್ತಾನೆ. ಸಾಮ್ರಾಜ್ಯದ ಮರ್ಯಾದೆ ನಿಮ್ಮ ಪರ್ಸಿನ ಮೇಲೆ ಬಂದು ಕೂತಾಗ ಏನು ಮಾಡುತ್ತೀರಿ?

‘ಫುಲ್ ಹಂಪಿ’ ಅನ್ನುವುದು ಪಾಯಿಂಟಿನ ಲೆಕ್ಕ. ಇಪ್ಪತ್ತು ಪಾಯಿಂಟು ತೋರಿಸ್ತೀನಿ ಅಂತ ಬಾಯಿಪಾಠ ಒಪ್ಪಿಸುತ್ತಾನೆ. ಉಗ್ರನರಸಿಂಹ ಒಂದು ಪಾಯಿಂಟು, ಅಲ್ಲೇ ಮಗ್ಗುಲಲ್ಲಿರುವ ಬಡವಿಲಿಂಗ ಎರಡನೆಯದು. ಕಮಲ ಮಹಲು ಒಂದು. ಅದೇ ಜಾಗದಲ್ಲಿ ನಾಲ್ಕು ಹೆಜ್ಜೆ ಆಚೆಗಿರುವ ಆನೆಲಾಯ ಇನ್ನೊಂದು. ಎಳನೀರಿನ ಅಂಗಡಿಯೂ ಒಂದು ಪಾಯಿಂಟು, ಅಲ್ಲಿ ಅವನ ಎಳನೀರಿಗೂ ನೀವೇ ಕೊಟ್ಟಿರುತ್ತೀರಿ. ಕಲ್ಲಿನ ರಥದವರೆಗೂ ಬಿಡ್ತೀನಿ ಅಂದವನು ಒಂದು ಕಿಲೋಮೀಟರು ಈಚೆಗೇ, ಪಾರ್ಕಿಂಗಿನಲ್ಲಿ, ಎಂಜಿನ್ ಆಫ್ ಮಾಡುತ್ತಾನೆ. ಅಲ್ಲಿಂದ ಮುಂದೆ ಬ್ಯಾಟರಿ ಗಾಡಿ, ಅದರ ಟಿಕೆಟ್ಟು ಬೇರೆ. ನಿಯಮವೇ ಹಾಗಿದೆ, ಅವನ ತಪ್ಪಲ್ಲ. ಹೊಸಪೇಟೆಯಲ್ಲಿ ಹೇಳದೇ ಇದ್ದದ್ದು ಮಾತ್ರ ಅವನ ಜಾಣತನ.

ಅಲ್ಲಿ ನಿಮ್ಮನ್ನು ಇಳಿಸುವಾಗ ಅಂಗಿಯ ಜೇಬಿನಿಂದ ಗರಿಗರಿ ಐವತ್ತರ ನೋಟೊಂದು ತೆಗೆಯುತ್ತಾನೆ. 2017ರಲ್ಲಿ ಬಂದ ಆ ನೀಲಿ ನೋಟಿನ ಬೆನ್ನಿಗೆ ಇದೇ ರಥವಿದೆಯಲ್ಲ. “ರಥದ ಮುಂದ ಹಿಡಕಂಡು ಫೋಟೋ ತಗಸ್ಕೊಳ್ರಿ, ಎಲ್ಲಾರೂ ತಗಸ್ಕೊಂತಾರ. ಆಮ್ಯಾಲ ವಾಪಸ್ ಕೊಡ್ರಿ ಮತ್ತ.” ಎಷ್ಟು ಒಳ್ಳೆಯವನಪ್ಪಾ ಅನಿಸುತ್ತದೆ. ಫೋಟೋ ಮುಗಿಸಿ ಬಂದು ನೋಟು ಹಿಂದಿರುಗಿಸುತ್ತೀರಿ. ಅವನು ಹಿಂದಿನ ಸೀಟಿನಲ್ಲಿ ಕಾಲು ಹೊರಗೆ ಚಾಚಿ ನಿದ್ದೆ ಹೊಡೆಯುತ್ತಿರುತ್ತಾನೆ. ಆ ನಿದ್ದೆಯ ಹೆಸರು ವೇಟಿಂಗ್ ಚಾರ್ಜು. ಸಂಜೆ ಲೆಕ್ಕ ಚುಕ್ತಾ ಮಾಡುವಾಗ ನಿಮಗೆ ಐವತ್ತು ವಾಪಸ್ ಬರಬೇಕಿರುತ್ತದೆ; ಚಿಲ್ಲರೆ ಇಲ್ಲವಂತೆ. “ಜೇಬಿನಾಗ ಐತಲ್ಲ” ಅಂದರೆ, ಎದೆಯ ಮೇಲೆ ಕೈಯಿಟ್ಟುಕೊಂಡು, “ಅದು ಫೋಟೋದ್ದು ಸರ” ಅನ್ನುತ್ತಾನೆ.

ಇಷ್ಟು ದೋಚುವವನು ಬಂಗಲೆ ಕಟ್ಟಿರಬೇಕಲ್ಲ? ಕಟ್ಟಿಲ್ಲ. ಹಂಪಿಗೆ ಜನ ಮುಗಿಬೀಳುವುದು ದಸರಾ ರಜೆಯಿಂದ ಶಿವರಾತ್ರಿವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಂಡೆ ಕಾದು ಹೆಂಚಾದಾಗ ನಾಯಿಯೂ ನೆರಳು ಬಿಟ್ಟು ಏಳುವುದಿಲ್ಲ. ಆಗ ಇದೇ ಕೊಟ್ರೇಶಿ ಬೇವಿನ ಮರದ ಕೆಳಗೆ ಒಗ್ಗರಣೆ ಮಿರ್ಚಿ ತಿಂದುಕೊಂಡು, ಫೈನಾನ್ಸಿನವರ ಫೋನು ಬಂದರೆ ಎತ್ತದೆ ಕೂತಿರುತ್ತಾನೆ. ನಾಲ್ಕು ತಿಂಗಳಲ್ಲಿ ಹನ್ನೆರಡು ತಿಂಗಳ ಕಂತು ದುಡಿಯಬೇಕು. ನನಗೆ ಅವನ ಮೇಲೆ ಸಿಟ್ಟಿಲ್ಲ ಅಂತಲ್ಲ, ಪ್ರತಿ ಸಲ ಬರುತ್ತದೆ. ಹಂಪಿ ದಾಟಿದ ಮೇಲೆ ಹೋಗುತ್ತದೆ.

ಆದರೆ ಅವನ ಮೀಟರು ಒಂದೇ ಒಂದು ಜಾತಿಯ ಪ್ರಯಾಣಿಕರ ಮುಂದೆ ಕೆಟ್ಟು ನಿಲ್ಲುತ್ತದೆ. ಕಮಲಾಪುರದ ಕಡೆಯ ಅಜ್ಜಿ, ಸಂತೆ ಮುಗಿಸಿ, ಖಾಲಿ ಪುಟ್ಟಿಯನ್ನು ನಿಮ್ಮ ತೊಡೆಯ ಮೇಲೇ ಇಟ್ಟು, “ಸರೀಯಪ್ಪ ಅತ್ತಾಗ” ಅಂತ ಹತ್ತಿ ಕೂರುತ್ತಾಳೆ. ಇಡೀ ಗಾಡಿ ಬುಕ್ ಮಾಡಿದ್ದು ನೀವು. ಕೇಳುವವರ್ಯಾರು? ಇಳಿಯುವಾಗ ಸೆರಗಿನ ಗಂಟು ಬಿಚ್ಚಿ ಹತ್ತರ ನಾಣ್ಯ ಕೈಗಿಡುತ್ತಾಳೆ. ಕೊಟ್ರೇಶಿ ಬಾಯಿ ತೆರೆಯುತ್ತಾನೆ. “ಏನಲೇ?” ಅನ್ನುತ್ತಾಳೆ ಅಜ್ಜಿ. “ಏನಿಲ್ಲಬೇ, ಹುಷಾರಾಗಿ ಇಳಿ” ಅನ್ನುತ್ತಾನೆ.

ನಮ್ಮ ಭಾವನಿಗೆ ಈ ಅಜ್ಜಿಯ ವಿದ್ಯೆ ಇಲ್ಲ, ಕಾನೂನಿನ ವಿದ್ಯೆ ಇದೆ. ಮೈಸೂರಿನವರು. ಹೊಸಪೇಟೆ ಬಸ್‌ಸ್ಟ್ಯಾಂಡಿನ ಎದುರು ಕೊಟ್ರೇಶಿ, “ಹಂಪಿಗೆ ಎಂಟ್ನೂರು, ಮೀಟರ್ ಗೀಟರ್ ಅಂದ್ರ ನಾ ಬರಾದಿಲ್ಲ” ಅಂದದ್ದೇ ತಡ, ಭಾವ ಕನ್ನಡಕ ಸರಿಮಾಡಿಕೊಂಡರು. 1988ರ ಮೋಟಾರು ವಾಹನ ಕಾಯ್ದೆ, 178ನೇ ಕಲಂ, ಬಾಡಿಗೆ ಗಾಡಿಯವನು ಬರುವುದಿಲ್ಲ ಅಂತ ಹೇಳುವ ಹಾಗೇ ಇಲ್ಲ, ಹೇಳಿದರೆ ದಂಡ ಅಂತ ಒಂದೊಂದೇ ಶಬ್ದ ಬಿಡಿಸಿ ಹೇಳಿದರು. ಸ್ಟ್ಯಾಂಡಿನವರೆಲ್ಲ ಸುತ್ತ ಸೇರಿದರು. ಕೊಟ್ರೇಶಿ ಭಯಭಕ್ತಿಯಿಂದ ಕೈಕಟ್ಟಿ ಕೇಳಿಸಿಕೊಂಡ.

“ದಂಡ ಎಷ್ಟ್ರಿ ಸರ?”

ಭಾವ ಮೊಬೈಲು ತೆಗೆದು, ಕಾಯ್ದೆ ಹುಡುಕಿ, ಕಣ್ಣು ಕಿರಿದು ಮಾಡಿ ಓದಿದರು. ಮೂರು ಗಾಲಿಯ ಗಾಡಿಗೆ ಹೆಚ್ಚೆಂದರೆ ಐವತ್ತು ರೂಪಾಯಿ.

“ಅಷ್ಟೇ ತಾನೇ,” ಅಂದ ಕೊಟ್ರೇಶಿ, ಟ್ರಾಲಿ ಬ್ಯಾಗು ಎತ್ತಿ ಹಿಂದೆ ಇಡುತ್ತಾ. “ಎಂಟ್ನೂರಾ ಐವತ್ತು ಕೊಡ್ರಿ. ಅದನ್ನ ನಾ ಕಟ್ಕೊಂತೀನಿ, ನೀವು ಟೆನ್ಷನ್ ತಗಬ್ಯಾಡ್ರಿ.”